ಬುಸಾನ್‌ನಲ್ಲಿ ಒಂದು ವಾರ, ಅವಸರವಿಲ್ಲದೆ

ಕೊರಿಯಾ ಪ್ರವಾಸದ ಬಗ್ಗೆ ಓದುಗರು ಕೇಳುವುದರಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಸಿಯೋಲ್‌ಗೆ ಐದು ದಿನ ಇಟ್ಟಿದ್ದೇವೆ, ಬುಸಾನ್‌ಗೆ ಒಂದು ದಿನ ಸಾಕಲ್ಲವೇ?" ಸಾಕಾಗುವುದಿಲ್ಲ. ಮೂವತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಈ ಬಂದರು ನಗರ ಬೆಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿದ ಜಾಗದಲ್ಲಿ ಉದ್ದುದ್ದಕ್ಕೆ ಚಾಚಿಕೊಂಡಿದೆ. ಪೂರ್ವದ ಹೆಉಂಡೆ ಕಡಲತೀರದಿಂದ ಹಳೆಯ ಪೇಟೆ ನಂಪೊಗೆ ಮೆಟ್ರೊದಲ್ಲೇ ಮುಕ್ಕಾಲು ಗಂಟೆಯ ಮೇಲೆ ಬೇಕು. ಒಂದು ದಿನದಲ್ಲಿ ಬುಸಾನ್ ಮುಗಿಸಲು ಹೊರಟವರು ಕೊನೆಗೆ ನೋಡುವುದು ಸುರಂಗವನ್ನೇ ಹೆಚ್ಚು.

ಈ ಬರಹ ಒಂದು ವಾರ ಬುಸಾನ್‌ನಲ್ಲೇ ತಂಗಿ, ನಿಧಾನವಾಗಿ ಇರಬೇಕೆನ್ನುವವರಿಗೆ. ಲೆಕ್ಕ ಸರಳ: ದಿನಕ್ಕೆ ಒಂದೇ ಓಡಾಟ, ಉಳಿದ ಅರ್ಧ ದಿನ ಕಡಲಿಗೆ. "ನೋಡಲೇಬೇಕಾದ ಇಪ್ಪತ್ತೈದು ತಾಣಗಳು" ಎಂಬ ಪಟ್ಟಿ ಬೇಕಿದ್ದವರಿಗೆ ಇಲ್ಲಿ ನಿರಾಸೆಯಾಗಬಹುದು.

1. ತಿಂಗಳು ಆರಿಸಿಕೊಳ್ಳಿ

ಟಿಕೆಟ್ ದರಕ್ಕಿಂತ ಮೊದಲು ಹವಾಮಾನ ನೋಡಿ. ಮೇ ತಿಂಗಳಿನಿಂದ ಜೂನ್ ಮೊದಲ ಭಾಗದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಹೋದರೆ ಒಳ್ಳೆಯದು. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಅಲ್ಲಿ "ಜಾಂಗ್ಮಾ", ಅಂದರೆ ಅವರ ಮಳೆಗಾಲ. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಆಗೀಗ ಚಂಡಮಾರುತವೂ ಬರುತ್ತದೆ. ಮಳೆ ನೋಡಲು ಅಷ್ಟು ದೂರ ಹೋಗಬೇಕಿಲ್ಲ, ಆಗುಂಬೆ ಸಾಕು. ಚಳಿಗಾಲದಲ್ಲಿ ಆಕಾಶ ತಿಳಿಯಾಗಿರುತ್ತದೆ, ಗಾಳಿ ಮಾತ್ರ ಕೊರೆಯುತ್ತದೆ. ಚೆರ್ರಿ ಹೂವಿಗಾಗಿ ಹೋಗುವವರು ಮಾರ್ಚ್ ಕೊನೆಯ ವಾರ ಅಥವಾ ಏಪ್ರಿಲ್ ಮೊದಲ ವಾರ ಹಿಡಿಯಬೇಕು.

ಎಡವುವುದು ಎಲ್ಲಿ: "ಚುಸೊಕ್" ಅವರ ಸುಗ್ಗಿ ಹಬ್ಬ, "ಸೊಲ್ಲಾಲ್" ಚಾಂದ್ರಮಾನ ಹೊಸವರ್ಷ. ಎರಡಕ್ಕೂ ಇಡೀ ದೇಶ ಊರಿಗೆ ಹೊರಡುತ್ತದೆ, ಥೇಟ್ ನಮ್ಮ ದೀಪಾವಳಿಯ ಮೆಜೆಸ್ಟಿಕ್. ರೈಲಿನಲ್ಲಿ ಸೀಟು ಸಿಗುವುದಿಲ್ಲ, ಚಿಕ್ಕ ಹೋಟೆಲುಗಳು ಬಾಗಿಲು ಹಾಕಿರುತ್ತವೆ. ದಿನಾಂಕ ಪ್ರತಿವರ್ಷ ಬದಲಾಗುವುದರಿಂದ ಕ್ಯಾಲೆಂಡರ್ ನೋಡಿಯೇ ಮುಂದುವರಿಯಿರಿ. 1996ರಲ್ಲಿ ಶುರುವಾದ ಬುಸಾನ್ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ ನಡೆಯುತ್ತದೆ. ಸಿನಿಮಾ ಹುಚ್ಚಿದ್ದರೆ ಅದೇ ವಾರ ಹೋಗಿ, ಇಲ್ಲದಿದ್ದರೆ ಆ ವಾರ ಬಿಟ್ಟುಬಿಡಿ. ಕೋಣೆಗಳ ಬಾಡಿಗೆ ಏರಿರುತ್ತದೆ.

2. ವೀಸಾ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಮೊದಲೇ ಪಡೆದ ವೀಸಾ ಬೇಕು. "ಕೆ-ಇಟಿಎ" ಎಂಬ ಆನ್‌ಲೈನ್ ಅನುಮತಿಯ ಬಗ್ಗೆ ಓದಿ ನೆಮ್ಮದಿಯಾಗಿರಬೇಡಿ. ಅದು ವೀಸಾ ವಿನಾಯಿತಿ ಇರುವ ದೇಶದವರಿಗೆ, ನಮಗಲ್ಲ. ಪಾಸ್‌ಪೋರ್ಟ್, ಬಿಳಿ ಹಿನ್ನೆಲೆಯ ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ವಿವರ, ಕೆಲಸದ ಪತ್ರ, ದಿನವಾರು ಪ್ರವಾಸದ ಯೋಜನೆ, ಇಷ್ಟನ್ನು ಜೋಡಿಸಿಕೊಳ್ಳಿ. ಹೊರಡುವುದಕ್ಕೆ ಒಂದೂವರೆ-ಎರಡು ತಿಂಗಳು ಮೊದಲೇ ಅರ್ಜಿ ಹಾಕಿದರೆ ಎದೆ ಡವಗುಟ್ಟುವುದಿಲ್ಲ. ವೀಸಾ ಕೈಗೆ ಬರುವ ಮೊದಲು ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ.

ಒಂದು ಬಲೆಯನ್ನು ವಿಶೇಷವಾಗಿ ಹೇಳಬೇಕು. ಬುಸಾನ್‌ನಿಂದ ಜಪಾನಿಗೆ ಹಡಗಿದೆ. ಫುಕುವೋಕಾ, ತ್ಸುಶಿಮಾ ಎರಡೂ ಹತ್ತಿರ. ಜಪಾನ್ ವೀಸಾ ಕೈಯಲ್ಲಿರುವವರಿಗೆ "ಒಂದು ದಿನ ಹೋಗಿ ಬಂದರೆ ಹೇಗೆ" ಎನಿಸುವುದು ಸಹಜ. ನಿಮ್ಮ ಕೊರಿಯಾ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಹಡಗು ಹತ್ತಿದಾಗಲೇ ಅದು ಮುಗಿಯಿತು. ಸೂಟ್‌ಕೇಸ್ ಬುಸಾನ್ ಹೋಟೆಲಿನಲ್ಲಿ, ನೀವು ಜಪಾನಿನಲ್ಲಿ.

ವೀಸಾ ಜೊತೆಗೆ "ಇ-ಅರೈವಲ್ ಕಾರ್ಡ್" ಎಂಬ ಆಗಮನ ಚೀಟಿಯನ್ನು ಇಳಿಯುವುದಕ್ಕೆ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಿ. ಇದು ಉಚಿತ. ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ ಎಂದೇ ತಿಳಿಯಿರಿ.

3. ಬುಸಾನ್ ಸೇರುವ ದಾರಿ

ದಾರಿ ಎರಡು. ಬೆಂಗಳೂರಿನಿಂದ ಸಿಂಗಪುರ, ಬ್ಯಾಂಕಾಕ್, ಹನೋಯ್‌ನಂಥ ಊರಿನಲ್ಲಿ ವಿಮಾನ ಬದಲಿಸಿ ನೇರವಾಗಿ ಬುಸಾನ್‌ನ ಗಿಮ್ಹೆ ವಿಮಾನ ನಿಲ್ದಾಣಕ್ಕೆ ಇಳಿಯುವುದು ಒಂದು. ಸಿಯೋಲ್ ಪಕ್ಕದ ಇಂಚೊನ್‌ಗೆ ಇಳಿದು, ಸಿಯೋಲ್ ನಿಲ್ದಾಣದಿಂದ ಕೆಟಿಎಕ್ಸ್ ಎಂಬ ವೇಗದ ರೈಲು ಹಿಡಿಯುವುದು ಇನ್ನೊಂದು. ರೈಲಿಗೆ ಎರಡೂಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ದರ ಸುಮಾರು 60,000 ವೊನ್. ಬುಸಾನ್ ಮಾತ್ರ ನೋಡುವುದಾದರೆ ನನ್ನ ಮತ ಮೊದಲ ದಾರಿಗೆ. ರಾತ್ರಿಯಿಡೀ ಹಾರಿ ಬಂದವರಿಗೆ ಮತ್ತೆ ಎರಡು ರೈಲು ಹತ್ತಿಸುವುದು ರಜೆಯ ಲಕ್ಷಣವಲ್ಲ.

ಹೆಸರಿನ ಗೊಂದಲಕ್ಕೆ ಸಿಕ್ಕಿಕೊಳ್ಳಬೇಡಿ. ಗಿಂಪೊ ಸಿಯೋಲ್‌ನದು, ಗಿಮ್ಹೆ ಬುಸಾನ್‌ನದು. ಸಿಯೋಲ್‌ನಿಂದ ಬುಸಾನ್‌ಗೆ ಹೋಗುವ ದೇಶೀಯ ವಿಮಾನಗಳು ಬಹುಪಾಲು ಗಿಂಪೊದಿಂದ ಹೊರಡುತ್ತವೆ, ಇಂಚೊನ್‌ನಿಂದಲ್ಲ.

ಗಿಮ್ಹೆಯಿಂದ ಊರೊಳಗೆ ಹೋಗಲು ಲಘು ರೈಲಿದೆ. ಅದರಲ್ಲಿ ಸಾಸಾಂಗ್ ನಿಲ್ದಾಣಕ್ಕೆ ಬಂದು ಮೆಟ್ರೊದ ಎರಡನೇ ಮಾರ್ಗಕ್ಕೆ, ಅಂದರೆ ಹಸಿರು ಗೆರೆಗೆ, ಬದಲಾಯಿಸಿಕೊಂಡರೆ ಕಡಲತೀರದವರೆಗೂ ಅದೇ ರೈಲು.

4. ಎಲ್ಲಿ ತಂಗಬೇಕು

ವಾರದ ಸುಖದುಃಖ ನಿರ್ಧಾರವಾಗುವುದು ಇಲ್ಲಿ. ಜನ ಕಣ್ಣುಮುಚ್ಚಿ ಹೆಉಂಡೆಯಲ್ಲಿ ಕೋಣೆ ಹಿಡಿಯುತ್ತಾರೆ. ಒಂದೂವರೆ ಕಿಲೋಮೀಟರ್ ಉದ್ದದ ಒಳ್ಳೆಯ ಮರಳತೀರ ಅದು, ಅನುಮಾನವಿಲ್ಲ. ಆದರೆ ಬೆನ್ನಿಗೇ ಗಗನಚುಂಬಿ ಕಟ್ಟಡಗಳ ಗೋಡೆ, ಬೇಸಿಗೆಯಲ್ಲಿ ಜನಜಾತ್ರೆ. ನನ್ನ ಆಯ್ಕೆ ಗ್ವಾಂಗಲ್ಲಿ. ಹೆಸರು ಕೇಳಿದರೆ ನಮ್ಮ ಹೊಸಕೋಟೆ ಆಚೆಗಿನ ಯಾವುದೋ ಊರಿನಂತಿದ್ದರೂ ಇದು ಬಿಲ್ಲಿನಂತೆ ಬಾಗಿದ ತೀರ. ಎದುರಿಗೆ ಕಡಲ ಮೇಲೆ 7.4 ಕಿಲೋಮೀಟರ್ ಉದ್ದದ ಗ್ವಾಂಗಾನ್ ಸೇತುವೆ. 2003ರಲ್ಲಿ ತೆರೆದದ್ದು. ಸಂಜೆ ದೀಪ ಹತ್ತಿದ ಮೇಲೆ ಅದರ ಮುಂದೆ ಸುಮ್ಮನೆ ಕುಳಿತರೂ ಒಂದು ಗಂಟೆ ಹೋದದ್ದು ತಿಳಿಯುವುದಿಲ್ಲ. ಮೆಟ್ರೊ ನಿಲ್ದಾಣದಿಂದ ಮರಳಿಗೆ ನಡಿಗೆಯ ದೂರ, ಹೆಉಂಡೆಯೂ ಅದೇ ಹಸಿರು ಗೆರೆಯಲ್ಲಿದೆ.

ಊಟ, ಪೇಟೆ ಮುಖ್ಯವೆನ್ನುವವರಿಗೆ ನಂಪೊ. ಎರಡು ಮೆಟ್ರೊ ಮಾರ್ಗಗಳು ಕೂಡುವ ಸೊಮ್ಯೊನ್ ಅನುಕೂಲ ನಿಜ, ಆದರೆ ಕಡಲ ಊರಿಗೆ ಹೋಗಿ ಕಡಲು ಕಾಣದ ಕಡೆ ಇರುವುದೇಕೆ?

ಕಾಯ್ದಿರಿಸುವಾಗ ನೋಡಿಕೊಳ್ಳಬೇಕಾದ್ದು ಮೂರು. "ಓಂದೋಲ್ ಕೋಣೆ" ಎಂದು ಬರೆದಿದ್ದರೆ ಮಂಚ ಇರುವುದಿಲ್ಲ, ಬೆಚ್ಚಗಿನ ನೆಲದ ಮೇಲೆ ಹಾಸಿಗೆ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಬೇಡ. ಬೆಟ್ಟದ ಮಗ್ಗುಲಿನ ಮನೆಗಳ ನೋಟ ಸೊಗಸು, ಸೂಟ್‌ಕೇಸ್ ಹೊತ್ತು ಹತ್ತುವಾಗ ಸೊಗಸಿರುವುದಿಲ್ಲ. ಮತ್ತೆ, ಶನಿವಾರ ರಾತ್ರಿಯ ಬಾಡಿಗೆ ಬೇರೆಯೇ ಇರುತ್ತದೆ. ಇಡೀ ವಾರದ ಮೊತ್ತ ನೋಡಿ ಹೋಲಿಸಿ.

5. ಹಣ, ಫೋನ್, ಪ್ರಯಾಣದ ಕಾರ್ಡ್

1,000 ವೊನ್ ಎಂದರೆ ಅರವತ್ತು ರೂಪಾಯಿಯ ಆಸುಪಾಸು. ಅಂಗಡಿ, ಹೋಟೆಲುಗಳಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ನಡೆಯುತ್ತವೆ. ಆದರೂ ಸ್ವಲ್ಪ ನೋಟು ಇರಲೇಬೇಕು, ಕಾರಣ ಟಿ-ಮನಿ.

ಟಿ-ಮನಿ ಎಂದರೆ ಮೆಟ್ರೊ, ಬಸ್ಸುಗಳಲ್ಲಿ ತಾಗಿಸುವ ಪ್ರಯಾಣದ ಕಾರ್ಡ್. ಜಿಎಸ್25, ಸಿಯು ಮುಂತಾದ ಚಿಕ್ಕ ಅಂಗಡಿಗಳಲ್ಲಿ ಕೊಳ್ಳಬಹುದು. ಅದಕ್ಕೆ ಹಣ ತುಂಬಿಸಲು ನಗದೇ ಬೇಕಾಗುತ್ತದೆ. ಮೆಟ್ರೊದ ಹತ್ತಿರದ ಪಯಣಕ್ಕೆ ಸುಮಾರು 1,600 ವೊನ್, ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ. ಬಸ್ಸಿನಿಂದ ಇಳಿಯುವಾಗಲೂ ಕಾರ್ಡ್ ತಾಗಿಸಿ. ಮರೆತರೆ ಅರ್ಧ ಗಂಟೆಯೊಳಗೆ ಮೆಟ್ರೊಗೋ ಬೇರೆ ಬಸ್ಸಿಗೋ ಬದಲಾಯಿಸುವಾಗ ಸಿಗುವ ರಿಯಾಯಿತಿ ಕೈತಪ್ಪುತ್ತದೆ. ಒಂದು ಕಾರ್ಡಿನಲ್ಲಿ ನಾಲ್ವರು ಓಡಾಡುವ ಯೋಚನೆ ಬಿಡಿ, ತಲೆಗೊಂದು ಕೊಳ್ಳಿ.

ಫೋನಿನ ವಿಷಯದಲ್ಲಿ ಬಹಳ ಜನ ಎಡವುವುದು ಗೂಗಲ್ ಮ್ಯಾಪ್ ನಂಬಿ. ನಕ್ಷೆಯ ಮಾಹಿತಿ ದೇಶದಾಚೆ ಹೋಗಬಾರದೆಂಬ ಅಲ್ಲಿನ ನಿರ್ಬಂಧದಿಂದಾಗಿ ಅದರಲ್ಲಿ ನಡಿಗೆಯ ದಾರಿ ಕೈಕೊಡುತ್ತದೆ. ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪ್ ಇಲ್ಲಿಂದಲೇ ಹಾಕಿಕೊಂಡು ಹೋಗಿ, ಅನುವಾದಕ್ಕೆ ಪಪಾಗೊ. ಚಾರ್ಜರ್‌ಗೆ ದುಂಡನೆಯ ಎರಡು ಕಡ್ಡಿಯ ಪ್ಲಗ್ ಬೇಕು, ನಮ್ಮ ಮೂರು ಕಡ್ಡಿಯದು ಹೊಗುವುದಿಲ್ಲ. ಪ್ರವಾಸಿಗರ ಸಹಾಯವಾಣಿ 1330, ಪೊಲೀಸ್ 112, ಆಂಬ್ಯುಲೆನ್ಸ್ 119.

6. ಹೊಟ್ಟೆಯ ಮಾತು

ಮೀನು, ಮಾಂಸ ತಿನ್ನುವವರಿಗೆ ಬುಸಾನ್ ಸ್ವರ್ಗ. ಹಂದಿ ಮಾಂಸದ ಸಾರಿಗೆ ಅನ್ನ ಬೆರೆಸಿದ "ದ್ವೆಜಿ ಗುಕ್‌ಬಾಪ್", ಗೋಧಿ ಶಾವಿಗೆಯ ತಣ್ಣನೆಯ "ಮಿಲ್‌ಮ್ಯೊನ್", ಮೀನಿನ ಹಿಟ್ಟಿನ "ಒಮುಕ್", ಇವು ಮೂರೂ ಆ ಊರಿನವೇ ಎನ್ನುವಷ್ಟು ಪ್ರಸಿದ್ಧ. ಕುಳಿತೊಡನೆ ಬರುವ ಚಿಕ್ಕ ಬಟ್ಟಲುಗಳ ಪಲ್ಯ-ಉಪ್ಪಿನಕಾಯಿಗಳಿಗೆ "ಬಾಂಚಾನ್" ಎಂದು ಹೆಸರು. ಅದಕ್ಕೆ ಬೇರೆ ಹಣವಿಲ್ಲ, ಮತ್ತೆ ಕೇಳಿದರೆ ಕೊಡುತ್ತಾರೆ. ಚಮಚ ಕಾಣಿಸದಿದ್ದರೆ ಗಾಬರಿ ಬೇಡ. ಮೇಜಿನ ಪಕ್ಕದಲ್ಲಿ ಚಿಕ್ಕ ಸೆಳೆಖಾನೆ ಇರುತ್ತದೆ, ಎಳೆಯಿರಿ. ಟಿಪ್ಸ್ ಕೊಡುವ ಪದ್ಧತಿಯಿಲ್ಲ.

ಸಸ್ಯಾಹಾರಿಗಳು ಮಾತ್ರ ತಯಾರಾಗಿ ಹೋಗಬೇಕು. "ಮಾಂಸ ಹಾಕಬೇಡಿ" ಎಂದರೆ ಸಾಲದು, ಅಲ್ಲಿ ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಸೊಪ್ಪಿನ ಸಾರಿನಂತೆ ಕಾಣುವುದೂ ಒಣಮೀನು ಕುದಿಸಿದ ನೀರಿನಲ್ಲಿ ಮಾಡಿದ್ದಿರಬಹುದು. ಕಿಮ್ಚಿಗೂ ಸಾಮಾನ್ಯವಾಗಿ ಮೀನಿನ ಅಥವಾ ಸೀಗಡಿಯ ಹುದುಗು ಬಿದ್ದಿರುತ್ತದೆ. "ಗೋಗಿ" ಮಾಂಸ, "ಸೆಂಗ್ಸೊನ್" ಮೀನು, "ಗ್ಯೆರಾನ್" ಮೊಟ್ಟೆ, "ಪ್ಪೆ ಜುಸೆಯೊ" ಎಂದರೆ ತೆಗೆದುಬಿಡಿ. ಈ ನಾಲ್ಕು ಮಾತು ಬಾಯಿಗೆ ಬಂದರೆ ಬಿಬಿಂಬಾಪ್ ಎಂಬ ತರಕಾರಿ ಅನ್ನ ನಿಮ್ಮದಾಗುತ್ತದೆ. ಪೂರ್ತಿ ಮಡಿಯವರು ಒಂದು ಚಿಕ್ಕ ಕುಕ್ಕರ್, ಪುಳಿಯೋಗರೆ ಪುಡಿ, ಅವಲಕ್ಕಿ ಒಯ್ಯಿರಿ. ಹಸಿಮೆಣಸು, ಕರಿಬೇವು, ಹಣ್ಣು, ಮಾಂಸದ ಪದಾರ್ಥ ಬ್ಯಾಗಿನಲ್ಲಿ ಬೇಡ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಚಿಕ್ಕ ಅಂಗಡಿಗಳಲ್ಲಿ ಬೆಂದ ಅನ್ನದ ಡಬ್ಬಿ ಸಿಗುತ್ತದೆ, ಅಲ್ಲೇ ಮೈಕ್ರೋವೇವ್ ಇರುತ್ತದೆ.

ಇನ್ನು ಮೊಸರು. ಮೊದಲ ರಾತ್ರಿ ಬಿಳಿ ಡಬ್ಬಿ ನೋಡಿ ಮೊಸರೆಂದು ತಂದು, ಬಿಸಿ ಅನ್ನಕ್ಕೆ ಸುರಿದು, ಉಪ್ಪು ಹಾಕಿ ಕಲೆಸಿ, ಒಂದು ತುತ್ತಿಗೆ ಪಾಯಸದ ರುಚಿ ಕಂಡವರಲ್ಲಿ ನಾನೂ ಒಬ್ಬ. ಬರೀ ಮೊಸರಿನಂತೆ ಕಾಣುವ ಡಬ್ಬಿಯಲ್ಲೂ ಸಕ್ಕರೆ ಇರುತ್ತದೆ. ಅಂಗಡಿಯವರನ್ನು "ಮುಗಾದಾಂಗ್" ಎಂದು ಕೇಳಿ, ಸಕ್ಕರೆ ಸೇರಿಸದ್ದು ಎಂದರ್ಥ. ಅದಕ್ಕೆ ಒಗ್ಗರಣೆ ಕೊಟ್ಟರೆ ಮೊಸರನ್ನವಾಗುತ್ತದೆ, ಮನೆಯದಲ್ಲ ಎನ್ನುವುದು ಬಿಟ್ಟರೆ ದೂರಿಲ್ಲ.

7. ಏಳು ದಿನ

ಭಾನುವಾರ ಇಳಿದಿರಿ ಎಂದಿಟ್ಟುಕೊಳ್ಳೋಣ.

*ಭಾನುವಾರ.* ಏನೂ ಮಾಡಬೇಡಿ. ಕೊರಿಯಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದು. ಅಲ್ಲಿ ಬೆಳಿಗ್ಗೆ ಏಳೆಂದರೆ ನಿಮ್ಮ ಮೈಗೆ ಇನ್ನೂ ಮೂರೂವರೆ. ಸೂರ್ಯೋದಯ ನೋಡುವ ಶಪಥಗಳನ್ನು ವಾರದ ಕೊನೆಗೆ ಇಟ್ಟುಕೊಳ್ಳಿ. ಸಂಜೆ ಗ್ವಾಂಗಲ್ಲಿ ತೀರದಲ್ಲಿ ಈ ತುದಿಯಿಂದ ಆ ತುದಿಗೆ ಒಂದು ನಡಿಗೆ ಸಾಕು.

*ಸೋಮವಾರ.* ಹೆಉಂಡೆ. ತೀರದ ಪಶ್ಚಿಮ ತುದಿಯ ದೊಂಗ್ಬೆಕ್ ದ್ವೀಪ ಈಗ ನೆಲಕ್ಕೆ ಅಂಟಿಕೊಂಡಿದೆ. ಪೈನ್ ಮತ್ತು ಕೆಮೀಲಿಯಾ ಮರಗಳ ನಡುವೆ ಸುತ್ತುದಾರಿ. ಕೊನೆಯಲ್ಲಿ 2005ರ ಎಪೆಕ್ (ಏಷ್ಯಾ-ಪೆಸಿಫಿಕ್ ದೇಶಗಳ ಆರ್ಥಿಕ ಒಕ್ಕೂಟ) ಶೃಂಗಸಭೆ ನಡೆದ ಗುಂಡನೆಯ ಕಟ್ಟಡ. ಅಲ್ಲಿಂದ ಮರಳ ಮೇಲೆಯೇ ನಡೆಯುತ್ತ ಪೂರ್ವ ತುದಿಯ ಮಿಪೊಗೆ ಬನ್ನಿ. ಹಿಂದೆ ರೈಲು ಓಡುತ್ತಿದ್ದ ಕಡಲಂಚಿನ ಹಳಿಯನ್ನು 2020ರಲ್ಲಿ "ಬ್ಲೂಲೈನ್ ಪಾರ್ಕ್" ಎಂದು ಮಾಡಿದ್ದಾರೆ. ಕೆಳಗೆ ಕಿಟಕಿಗೆ ಮುಖ ಮಾಡಿ ಕೂರುವ ನಿಧಾನದ ರೈಲು, ಮೇಲೆ ಎತ್ತರದ ಹಳಿಯಲ್ಲಿ ನಾಲ್ವರು ಕೂರುವ ಬಣ್ಣದ ಪೆಟ್ಟಿಗೆಗಳು. ಈ ಪೆಟ್ಟಿಗೆಗಳಿಗೆ ಮೊದಲೇ ಕಾಯ್ದಿರಿಸಬೇಕು, ನೇರ ಹೋದವರು ಬರಿಗೈಯಲ್ಲಿ ಮರಳುವುದೇ ಹೆಚ್ಚು. ಟಿಕೆಟ್ ಸಿಗದಿದ್ದರೆ ಬೇಸರಿಸಬೇಡಿ. ಹಳಿಯ ಪಕ್ಕದಲ್ಲೇ ಮರದ ಹಲಗೆಯ ಕಾಲುದಾರಿಯಿದೆ, ಚೊಂಗ್ಸಾಪೊ ಎಂಬ ಮೀನುಗಾರರ ಊರಿಗೆ ಎರಡು ಕಿಲೋಮೀಟರ್ ಸುಮಾರು. ಎಡಕ್ಕೆ ಗುಡ್ಡ, ಬಲಕ್ಕೆ ಕಡಲು, ಆಗಾಗ ರೈಲಿನ ಗಂಟೆ. ಚೊಂಗ್ಸಾಪೊದಲ್ಲಿ ಒಂದು ಕೆಂಪು, ಒಂದು ಬಿಳಿ ದೀಪಸ್ತಂಭ ಎದುರುಬದುರು ನಿಂತಿವೆ. ಮರಳುವಾಗ ರೈಲು ಹತ್ತಿ.

ಈಜುವವರಿಗೆ: ನೀರಿಗಿಳಿಯಲು ಅವಕಾಶ ಬೇಸಿಗೆಯ ಋತುವಿನಲ್ಲಿ, ನಿಗದಿತ ಸಮಯದಲ್ಲಿ, ತೇಲುಬುರುಡೆ ಕಟ್ಟಿದ ಗಡಿಯೊಳಗೆ ಮಾತ್ರ. ಸೀಟಿ ಊದಿದರೆ ವಾದ ಮಾಡಬೇಡಿ, ಹೊರಬನ್ನಿ.

*ಮಂಗಳವಾರ ಅಥವಾ ಬುಧವಾರ.* ಹಳೆಯ ಪೇಟೆ. "ಅಥವಾ" ಎನ್ನಲು ಕಾರಣ, ಜಗಾಲ್ಚಿ ಮೀನು ಮಾರುಕಟ್ಟೆಯ ಮುಖ್ಯ ಕಟ್ಟಡಕ್ಕೆ ತಿಂಗಳ ಮೊದಲನೇ ಮತ್ತು ಮೂರನೇ ಮಂಗಳವಾರ ರಜೆ. ಕೆಳಗಿನ ಅಂತಸ್ತಿನಲ್ಲಿ ತೊಟ್ಟಿಗಳಲ್ಲಿ ಜೀವಂತ ಮೀನು, ಏಡಿ, ಆಕ್ಟೋಪಸ್. ಆರಿಸಿದ್ದನ್ನು ಮೇಲಿನ ಅಂತಸ್ತಿನಲ್ಲಿ ಕೊಯ್ದು ಬಡಿಸುತ್ತಾರೆ. ಬಿಲ್ಲಿನಲ್ಲಿ "ಸಾಂಗ್‌ಚಾರಿಂಬಿ" ಎಂದು ಬೇರೆ ಸಾಲು ಇರುತ್ತದೆ. ಅದು ಮೇಜು ಹಾಕಿ ಬಾಂಚಾನ್ ಇಡುವ ಶುಲ್ಕ, ತಲೆಗಿಷ್ಟು ಎಂದು. ಮೋಸವಲ್ಲ, ಆದರೆ ಮೀನಿನ ಬೆಲೆಯ ಜೊತೆ ಅದನ್ನೂ ಮೊದಲೇ ಕೇಳಿಕೊಂಡರೆ ಕೊನೆಯಲ್ಲಿ ಮುಖ ಸಪ್ಪಗಾಗುವುದಿಲ್ಲ.

ಮೀನಿನ ವಾಸನೆ ಆಗದವರು ರಸ್ತೆ ದಾಟಿ, ಚಲನಚಿತ್ರೋತ್ಸವದ ಹೆಸರು ಹೊತ್ತ ಬಿಫ್ (BIFF) ಚೌಕಕ್ಕೆ ನಡೆಯಿರಿ. ಉದ್ದ ಸಾಲು ಕಂಡ ಕಡೆ ನಿಂತುಕೊಳ್ಳಿ, ಅದು "ಸಿಯಾತ್ ಹೊತ್ತೊಕ್" ಗಾಡಿ. ಕಣಕದ ಉಂಡೆಯನ್ನು ಕಾದ ಕೊಬ್ಬಿನಲ್ಲಿ ಒತ್ತಿ ಒತ್ತಿ ಕೆಂಪಗೆ ಕರಿಯುತ್ತಾರೆ. ಎತ್ತಿ, ಕತ್ತರಿಯಿಂದ ಅಂಚನ್ನು ಸೀಳಿ, ಆ ಬಾಯೊಳಗೆ ಸೂರ್ಯಕಾಂತಿ, ಕುಂಬಳ ಬೀಜ, ಕಡಲೆಕಾಯಿ ತುಂಬಿ, ಕಾಗದದ ಲೋಟದಲ್ಲಿ ನಿಲ್ಲಿಸಿ ಕೊಡುತ್ತಾರೆ. ಒಳಗೆ ಕರಗಿದ ಕಂದು ಸಕ್ಕರೆ. ಹೋಳಿಗೆಯ ದೂರದ ನೆಂಟ ಎನ್ನಬಹುದು. ಮೊದಲ ಕಡಿತಕ್ಕೆ ನಾಲಿಗೆ ಸುಟ್ಟುಕೊಳ್ಳದವರನ್ನು ನಾನು ಕಂಡಿಲ್ಲ. ಹತ್ತಿರದಲ್ಲೇ ಗುಕ್ಜೆ ಮಾರುಕಟ್ಟೆ, ಅದರಾಚೆ ಬೊಸು ಓಣಿಯ ಹಳೆಯ ಪುಸ್ತಕದಂಗಡಿಗಳು. 1950-53ರ ಕೊರಿಯಾ ಯುದ್ಧದಲ್ಲಿ ಓಡಿಬಂದ ನಿರಾಶ್ರಿತರು ಇಲ್ಲಿ ಬದುಕು ಕಟ್ಟಿಕೊಂಡರು. ಆಗ ಬುಸಾನ್ ದೇಶದ ತಾತ್ಕಾಲಿಕ ರಾಜಧಾನಿಯಾಗಿತ್ತು.

*ಆ ಎರಡರಲ್ಲಿ ಉಳಿದ ದಿನ.* ಮೆಟ್ರೊದ ಮೊದಲ ಮಾರ್ಗದಲ್ಲಿ ಉತ್ತರಕ್ಕೆ. ಬೆಳಿಗ್ಗೆ ಗುಮ್ಜೊಂಗ್ ಬೆಟ್ಟದ ಬೊಮೊಸಾ ದೇವಾಲಯ, 678ರಲ್ಲಿ ಸ್ಥಾಪನೆಯಾದ ಬೌದ್ಧ ಮಠ. ಮಧ್ಯಾಹ್ನ ಅದೇ ಗೆರೆಯ ಒಂಚೊನ್‌ಜಾಂಗ್‌ನಲ್ಲಿ ಬಿಸಿನೀರಿನ ಬುಗ್ಗೆಯ ಸ್ನಾನ. ನಾಚಿಕೆಯ ಸ್ವಭಾವದವರು ಗಮನಿಸಿ: ಗಂಡಸರಿಗೂ ಹೆಂಗಸರಿಗೂ ಸ್ನಾನದ ಕೋಣೆ ಬೇರೆಬೇರೆ, ಆದರೆ ಒಳಗೆ ಮೈಮೇಲೆ ನೂಲೆಳೆಯೂ ಇರುವಂತಿಲ್ಲ. ಕೊಳಕ್ಕೆ ಇಳಿಯುವ ಮೊದಲು ಸೋಪು ಹಚ್ಚಿ ಮೈ ತೊಳೆಯಲೇಬೇಕು. ಅದಾಗದು ಎನ್ನುವವರಿಗೆ "ಜಿಮ್ಜಿಲ್‌ಬಾಂಗ್" ಇದೆ. ಅಲ್ಲಿ ಕೊಟ್ಟ ಬಟ್ಟೆ ತೊಟ್ಟು ಬಿಸಿಕೋಣೆಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಬೆವರಿ ಮಲಗಬಹುದು.

*ಗುರುವಾರ.* ಗಂಚೊನ್. ಬೆಟ್ಟದ ಮೆಟ್ಟಿಲುಮೆಟ್ಟಿಲಿಗೆ ಬಣ್ಣದ ಮನೆಗಳ ಕೇರಿ, 2009ರ ಕಲಾ ಯೋಜನೆಯ ನಂತರ ಹೆಸರಾಯಿತು. ತೊಸೊಂಗ್ ನಿಲ್ದಾಣದಿಂದ ಪುಟ್ಟ ಬಸ್ಸು ಹತ್ತುತ್ತದೆ. ನಡೆದು ಹತ್ತುವ ಸಾಹಸ ಬೇಡ. ಅಲ್ಲಿ ಜನ ಇನ್ನೂ ವಾಸವಾಗಿದ್ದಾರೆ. ಒಣಹಾಕಿದ ಬಟ್ಟೆ, ತೆರೆದ ಬಾಗಿಲುಗಳಿಗೆ ಕ್ಯಾಮೆರಾ ಹಿಡಿಯಬೇಡಿ. ಸಂಜೆಗೆ ಹತ್ತಿರದ ಸೊಂಗ್‌ದೊ ತೀರ, 1913ರಲ್ಲಿ ತೆರೆದ ಕೊರಿಯಾದ ಮೊದಲ ಸಾರ್ವಜನಿಕ ಕಡಲತೀರ. ಕಡಲ ಮೇಲೆ ಕೇಬಲ್ ಕಾರ್ ಇದೆ.

*ಶುಕ್ರವಾರ.* ಆಯ್ಕೆ ನಿಮ್ಮದು. ಅಲೆ ಬಡಿಯುವ ಬಂಡೆಗಳ ಮೇಲಿನ ಹೆದೊಂಗ್ ಯೊಂಗುಂಗ್ಸಾ ದೇವಾಲಯಕ್ಕೆ ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಟೂರ್ ಬಸ್ಸುಗಳು ಬಂದು ಮೆಟ್ಟಿಲಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಥೆ ಇಷ್ಟಪಡುವವರು ಲಘು ರೈಲಿನಲ್ಲಿ ಗಿಮ್ಹೆಗೆ ಹೋಗಿ ಸುರೊ ರಾಜನ ಮತ್ತು ರಾಣಿ ಹೊ ಹ್ವಾಂಗ್-ಓಕ್ ಸಮಾಧಿಗಳನ್ನು ನೋಡಬಹುದು. ಆಕೆ "ಅಯುತ" ಎಂಬ ದೇಶದಿಂದ ಹಡಗಿನಲ್ಲಿ ಬಂದಳೆಂದು ಪುರಾತನ ಐತಿಹ್ಯ. ಅಯುತ ಎಂದರೆ ಅಯೋಧ್ಯೆಯೇ ಎಂದು ಅನೇಕರು ನಂಬುತ್ತಾರೆ.

ನಾನಾದರೆ ದೆಯೊನ್ ನಿಲ್ದಾಣದ ಬಳಿಯ ವಿಶ್ವಸಂಸ್ಥೆಯ ಸ್ಮಾರಕ ರುದ್ರಭೂಮಿಗೆ ಹೋಗುತ್ತೇನೆ. ಕೊರಿಯಾ ಯುದ್ಧದಲ್ಲಿ ಮಡಿದ ವಿಶ್ವಸಂಸ್ಥೆ ಪಡೆಯ ಸೈನಿಕರಿಗಾಗಿ 1951ರಲ್ಲಿ ಆದದ್ದು, ಜಗತ್ತಿನಲ್ಲಿ ಇಂಥದ್ದು ಇದೊಂದೇ. ಭಾರತದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ಸೇನಾ ವೈದ್ಯಕೀಯ ತಂಡ 1950ರ ನವೆಂಬರ್‌ನಲ್ಲಿ ಹಡಗಿನಿಂದ ಇಳಿದದ್ದು ಇದೇ ಬುಸಾನ್‌ನಲ್ಲಿ. ಯುದ್ಧ ನಿಂತ ಮೇಲೆ, ಇಲ್ಲಿಂದ ದೂರದ ಉತ್ತರ-ದಕ್ಷಿಣ ಕೊರಿಯಾಗಳ ಗಡಿಯಲ್ಲಿ, ಸೆರೆಯಾಳುಗಳ ವಾಪಸಾತಿಯ ತಟಸ್ಥ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಈ ರುದ್ರಭೂಮಿಯಿಂದ ಇಗಿದೇ ಎಂಬ ಕಡಲಂಚಿನ ಬಂಡೆದಾರಿ ಹತ್ತಿರ. ನಾಲ್ಕೂವರೆ-ಐದು ಕಿಲೋಮೀಟರ್, ಮೆಟ್ಟಿಲು ಬಹಳ. ಒಳ್ಳೆಯ ಬೂಟಿದ್ದರೆ ಮಾತ್ರ.

*ಶನಿವಾರ.* ಹಗಲೆಲ್ಲ ನಿಮ್ಮದು. ರಾತ್ರಿ ಗ್ವಾಂಗಲ್ಲಿಯ ಆಕಾಶದಲ್ಲಿ ನೂರಾರು ಡ್ರೋನ್‌ಗಳ ಬೆಳಕಿನ ಆಟ, ಸಾಮಾನ್ಯವಾಗಿ ಎರಡು ಪ್ರದರ್ಶನ. ಗಾಳಿ ಜೋರಿದ್ದರೆ ರದ್ದಾಗುತ್ತದೆ. ಮುಗಿದೊಡನೆ ಇಡೀ ಜನಸಾಗರ ಒಂದೇ ಮೆಟ್ರೊ ನಿಲ್ದಾಣಕ್ಕೆ ನುಗ್ಗುವುದನ್ನು ನಿಮ್ಮ ಕೋಣೆಯ ಕಡೆ ನಡೆಯುತ್ತ ನೋಡುವಾಗ, ಇಲ್ಲೇ ತಂಗಿ ಎಂದದ್ದು ಏಕೆಂದು ಅರ್ಥವಾಗುತ್ತದೆ.

8. ಹೊರಡುವ ದಿನ

ಪ್ರವಾಸಿ ತಾಣಗಳ ಒಟ್ಟು ಪಾಸ್ ಒಂದನ್ನು ವಿಮಾನ ನಿಲ್ದಾಣದಿಂದಲೇ ತೋರಿಸುತ್ತಿರುತ್ತಾರೆ. ಅದು ಒಂದೆರಡು ದಿನದಲ್ಲಿ ಹತ್ತು ಕಡೆ ಓಡುವವರಿಗೆ ಲಾಭ. ಮೇಲಿನಂತೆ ಇದ್ದರೆ ಬೇಕಾಗುವುದಿಲ್ಲ. ಟಿ-ಮನಿಯಲ್ಲಿ ಉಳಿದ ಸಣ್ಣ ಮೊತ್ತವನ್ನು 500 ವೊನ್ ಹಿಡಿದುಕೊಂಡು ಚಿಕ್ಕ ಅಂಗಡಿಗಳಲ್ಲೇ ವಾಪಸ್ ಕೊಡುತ್ತಾರೆ. ಮೂರು ಸಾವಿರದೊಳಗೆ ಉಳಿದಿದ್ದರೆ ಆ ತಾಪತ್ರಯ ಬೇಡ. ಅದೇ ಕಾರ್ಡ್ ತಾಗಿಸಿ ಒಂದು ಬಾಳೆಹಣ್ಣಿನ ಹಾಲು ಕೊಂಡು, ರೈಲು ಹತ್ತಿ.